‘ನಾನ್ಯಾರು ಹೇಳಿ ನೋಡೋಣ?’ ಎಂಬ ಪರೀಕ್ಷೆ

ಮರೆವಿನ ಕಾಯಿಲೆ ಇರುವ ಹಿರಿಯರನ್ನು ನೋಡಲು ಬಂದ ನೆಂಟರು ಚಪ್ಪಲಿ ಬಿಟ್ಟು ಒಳಗೆ ಬರುತ್ತಲೇ ಕೇಳುವ ಮೊದಲ ಪ್ರಶ್ನೆ: ‘ನಾನ್ಯಾರು ಹೇಳಿ ನೋಡೋಣ?’ ಪ್ರೀತಿಯಿಂದಲೇ ಕೇಳುತ್ತಾರೆ. ಸುತ್ತ ಇದ್ದವರೆಲ್ಲ ಉತ್ತರಕ್ಕೆ ಕಾಯುತ್ತಾರೆ. ಅಜ್ಜಿ ನಗುತ್ತಾರೆ, ಸೆರಗು ಸರಿ ಮಾಡಿಕೊಳ್ಳುತ್ತಾರೆ, ಹೇಳಿಕೊಟ್ಟಾಳೇನೋ ಎಂದು ಸೊಸೆಯ ಮುಖ ನೋಡುತ್ತಾರೆ. ಹೆಸರು ಹೊಳೆಯುವುದಿಲ್ಲ. ‘ಅಯ್ಯೋ, ನನ್ನನ್ನೇ ಮರೆತುಬಿಟ್ರಾ?’ ಎನ್ನುವ ಮಾತು ಬೀಳುತ್ತದೆ. ಕಾಫಿ ಕುಡಿದು ನೆಂಟರು ಹೊರಡುತ್ತಾರೆ. ಅಜ್ಜಿ ಆಮೇಲೂ ಬಹಳ ಹೊತ್ತು ಯಾಕೋ ಮಂಕಾಗಿ ಕೂರುತ್ತಾರೆ.

ಈ ‘ಯಾಕೋ’ಗೆ ಕಾರಣವಿದೆ. ಅಲ್ಝೈಮರ್ಸ್‌ನಲ್ಲಿ ಮೊದಮೊದಲು ಹಾನಿಗೊಳಗಾಗುವುದು ಹೊಸ ಸಂಗತಿಗಳನ್ನು ನೆನಪಾಗಿ ಉಳಿಸುವ ಮಿದುಳಿನ ಭಾಗ, ಹಿಪೊಕ್ಯಾಂಪಸ್. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಈ ಕಾಯಿಲೆ ಇದ್ದವರಿಗೆ ದುಃಖದ ಮತ್ತು ಸಂತೋಷದ ಚಿತ್ರತುಣುಕುಗಳನ್ನು ತೋರಿಸಿ, 2014ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ನೋಡಿದ್ದು ಏನೆಂಬುದು ಬೇಗನೆ ಅಳಿಸಿಹೋಗಿತ್ತು, ಅದು ಎಬ್ಬಿಸಿದ ಭಾವ ಮಾತ್ರ ಉಳಿದಿತ್ತು. ಬೈದದ್ದು ಅವರಿಗೆ ನೆನಪಿರಲಿಕ್ಕಿಲ್ಲ, ಬೈಸಿಕೊಂಡ ನೋವು ಇರುತ್ತದೆ. ‘ಅವರಿಗೇನು ಗೊತ್ತಾಗುತ್ತೆ ಬಿಡಿ’ ಎಂದು ಅವರೆದುರೇ ಆಡುವ ಮಾತು ಎಷ್ಟು ತಪ್ಪು ಎಂಬುದಕ್ಕೆ ಇಷ್ಟು ಸಾಕು.

‘ಅರವತ್ತಕ್ಕೆ ಅರಳುಮರಳು’ ಎಂಬ ನಮ್ಮ ಗಾದೆ ಕಾಯಿಲೆಯನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟಿದೆ. ದೇಶದಾದ್ಯಂತ ನಡೆದ ಲಾಸಿ–ಡ್ಯಾಡ್ ಅಧ್ಯಯನವು 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ. ಉಳಿದ ಶೇ 90ಕ್ಕೂ ಹೆಚ್ಚು ಜನರಿಗೆ ಇಲ್ಲದ್ದನ್ನು ಮುಪ್ಪಿನ ಸಹಜ ಗುಣ ಎನ್ನುವುದು ಹೇಗೆ? ಗಾದೆಯನ್ನು ನಂಬಿ ಕುಳಿತ ಮನೆಗಳು ವೈದ್ಯರ ಬಳಿ ಹೋಗುವ ಹೊತ್ತಿಗೆ ರೋಗಿ ತನಗೇನು ಬೇಕು ಎಂದು ಹೇಳುವ ಶಕ್ತಿಯನ್ನೇ ಕಳೆದುಕೊಂಡಿರುತ್ತಾರೆ.

ನೆನಪನ್ನು ಕಸಿಯುವುದು ಕಾಯಿಲೆ. ಮರ್ಯಾದೆಯನ್ನು ಕಸಿಯುವವರು ಸುತ್ತಲಿನವರು. ಬ್ರಿಟನ್ನಿನ ಮನೋವಿಜ್ಞಾನಿ ಟಾಮ್ ಕಿಟ್‌ವುಡ್ 1997ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ಪಟ್ಟಿ ಮಾಡಿದರು: ಸುಳ್ಳು ಹೇಳಿ ಒಪ್ಪಿಸುವುದು, ಎದುರಿಗಿದ್ದರೂ ಇಲ್ಲದವರಂತೆ ಮಾತಾಡುವುದು, ಅವರ ಗತಿಗೆ ಮೀರಿ ಅವಸರಪಡಿಸುವುದು, ಮಗುವಿನಂತೆ ಕಾಣುವುದು. ಇದನ್ನೆಲ್ಲ ಮಾಡುವವರಲ್ಲಿ ಕೆಟ್ಟ ಉದ್ದೇಶ ಇರಬೇಕಿಲ್ಲ ಎಂದೂ ಅವರು ಹೇಳಿದ್ದರು. ‘ವಯಸ್ಸಾದವರು ಮಕ್ಕಳ ಹಾಗೆ’ ಎಂಬ ನಮ್ಮ ಮಾತನ್ನೇ ನೋಡಿ. ಅದರಲ್ಲಿ ಅಕ್ಕರೆ ಇದೆ. ಆದರೆ ಮಗುವಿನ ಹಿಂದೆ ಎಪ್ಪತ್ತು ವರ್ಷದ ಬಾಳ್ವೆ ಇರುವುದಿಲ್ಲ. ಮನೆ ಕಟ್ಟಿಸಿದ, ಸಾಲ ತೀರಿಸಿದ, ಪಂಚಾಯಿತಿಯಲ್ಲಿ ನ್ಯಾಯ ಹೇಳಿದ ಮನುಷ್ಯನಿಗೆ ‘ಆ ಮಾಡು, ಜಾಣ’ ಎಂದು ತುತ್ತಿಟ್ಟರೆ ಆತ ತಟ್ಟೆ ತಳ್ಳುತ್ತಾನೆ. ನಾವು ಅದಕ್ಕೆ ‘ಹಟ’ ಎನ್ನುತ್ತೇವೆ.

ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಸಿನಿಮಾದಲ್ಲಿ ಅನಂತ್ ನಾಗ್ ಅಲ್ಝೈಮರ್ಸ್ ಇರುವ ತಂದೆ. ಹೆಸರೇ ‘ಕಾಣೆಯಾಗಿದ್ದಾರೆ’ ಪ್ರಕಟಣೆಯ ಭಾಷೆ. ಆ ಭಾಷೆಯಲ್ಲಿ ಮನುಷ್ಯನೆಂದರೆ ಬಣ್ಣ ಮತ್ತು ಮೈಕಟ್ಟು ಅಷ್ಟೆ. ತಂದೆಯನ್ನು ಹುಡುಕುತ್ತಾ ಹೊರಟ ಮಗ, ತಾನು ಎಂದೂ ವಿಚಾರಿಸದಿದ್ದ ಅವರ ಬದುಕನ್ನು ತಿಳಿಯುತ್ತಾ ಹೋಗುತ್ತಾನೆ. ಆರೈಕೆ ಶುರುವಾಗಬೇಕಾದದ್ದೂ ಅಲ್ಲಿಂದಲೇ. ಹೆಸರು ಮರೆತ ಕೈಗೆ ಮಲ್ಲಿಗೆ ಕಟ್ಟುವುದು, ಅವರೆಕಾಳು ಸುಲಿಯುವುದು ಮರೆತಿರುವುದಿಲ್ಲ. ಕೈಗೆ ರೂಢಿಯಾದ ಕೆಲಸದ ನೆನಪು ಬಹುಕಾಲ ಬಾಳುತ್ತದೆ. ಸಂಜೆಯಾಗುತ್ತಲೇ ‘ಮನೆಗೆ ಹೋಗ್ಬೇಕು, ಅಮ್ಮ ಕಾಯ್ತಿರ್ತಾಳೆ’ ಎನ್ನುವವರಿಗೆ ‘ನಿಮ್ಮಮ್ಮ ಸತ್ತು ಮೂವತ್ತು ವರ್ಷವಾಯ್ತು’ ಎಂದರೆ ಪ್ರತಿಸಲವೂ ಅದು ಹೊಸ ಸಾವು. ‘ಅಮ್ಮ ಏನು ಅಡುಗೆ ಮಾಡ್ತಿದ್ರು?’ ಎಂದು ಕೇಳಿದರೆ ಸುಳ್ಳೂ ಹೇಳಿದಂತಾಗುವುದಿಲ್ಲ, ಅವರ ತಳಮಳಕ್ಕೆ ದಾರಿಯೂ ಸಿಗುತ್ತದೆ. ಬಚ್ಚಲಿನಲ್ಲಿ ಮೈಮೇಲೊಂದು ಟವೆಲ್ ಹೊದಿಸಿ ನೀರು ಹಾಕುವುದು, ಎರಡು ಸೀರೆ ಹಿಡಿದು ‘ಯಾವುದು ಉಡ್ತೀರಿ?’ ಎನ್ನುವುದು ಇವೆಲ್ಲ ಸಣ್ಣ ಸಂಗತಿಗಳಂತೆ ಕಂಡರೂ, ಆ ಮನುಷ್ಯರ ಪಾಲಿಗೆ ಉಳಿದಿರುವ ಸ್ವಾತಂತ್ರ್ಯ ಅಷ್ಟೇ.

ಇಷ್ಟನ್ನು ಹೇಳಿ ಮುಗಿಸಿದರೆ ಆರೈಕೆ ಮಾಡುವವರ ತಲೆಗೆ ಇನ್ನೊಂದು ಹೊರೆ ಹೊರಿಸಿದಂತೆ. ಈ ಎಲ್ಲ ನಯಕ್ಕೂ ಬೇಕಿರುವುದು ಸಮಯ. ಅರ್ಧ ಗಂಟೆ ಹಿಡಿಯುವ ಊಟವನ್ನು ಹತ್ತು ನಿಮಿಷದಲ್ಲಿ ಮುಗಿಸುವ, ಶೌಚಕ್ಕೆ ಕರೆದೊಯ್ಯಲು ಆಳಿಲ್ಲದೆ ಹಗಲಿನಲ್ಲೂ ಡೈಪರ್ ಹಾಕುವ, ಅಂಗಡಿಗೆ ಹೋಗಿಬರುವಷ್ಟು ಹೊತ್ತು ಹೊರಗಿನಿಂದ ಚಿಲಕ ಹಾಕುವ ಮನೆಯಲ್ಲಿ ಕೊರತೆ ಇರುವುದು ಪ್ರೀತಿಗಲ್ಲ, ಇನ್ನೊಂದು ಜೊತೆ ಕೈಗೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮನೆಯವರು, ಆಪ್ತರು ದಿನಕ್ಕೆ ಸರಾಸರಿ 5 ಗಂಟೆ ಈ ಆರೈಕೆಗೆ ಕೊಡುತ್ತಾರೆ. ಆರೈಕೆಯ ಗಂಟೆಗಳಲ್ಲಿ ಶೇ 70ರಷ್ಟು ಹೆಣ್ಣುಮಕ್ಕಳದ್ದು. ರಾತ್ರಿ ನಾಲ್ಕು ಸಲ ಎದ್ದ ಸೊಸೆ ಅಥವಾ ಮಗಳು ಬೆಳಿಗ್ಗೆ ಒಮ್ಮೆ ಕೂಗಾಡಿದರೆ ಅದನ್ನು ಅವಳ ಗುಣದೋಷ ಎನ್ನಲಾಗದು. ಆರೈಕೆ ಮಾಡುವವರಿಗೆ ನಿದ್ದೆ ಇಲ್ಲದ ಕಡೆ ರೋಗಿಗೆ ಘನತೆ ಉಳಿಯುವುದಿಲ್ಲ.

ಕಾನೂನಿನಲ್ಲಿ ಘನತೆಗೆ ಜಾಗವಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ–2017ರಲ್ಲಿ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ನೆನಪಿನ ತೀವ್ರ ದೋಷವೂ ಸೇರಿದೆ. 20ನೇ ಸೆಕ್ಷನ್ ಘನತೆಯಿಂದ ಬದುಕುವುದನ್ನು ಹಕ್ಕು ಎನ್ನುತ್ತದೆ. ತನಗೆ ಎಂಥ ಚಿಕಿತ್ಸೆ ಬೇಕು, ಬೇಡ ಎಂದು ಮುಂಚಿತವಾಗಿ ಬರೆದಿಡಲು, ತನ್ನ ಪರವಾಗಿ ನಿರ್ಧರಿಸುವವರನ್ನು ಹೆಸರಿಸಲು ಅವಕಾಶವಿದೆ. ಬೇಗ ಪತ್ತೆಯಾದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ‘ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್’ ಈ ದಿಕ್ಕಿನ ಒಳ್ಳೆಯ ಹೆಜ್ಜೆ. ಆದರೆ ಪತ್ತೆಯಾದ ಮರುದಿನದಿಂದ ಮನೆಯವರ ಜೊತೆ ಯಾರಿದ್ದಾರೆ?

ನೆರೆಯ ಕೇರಳ 2014ರಲ್ಲೇ ‘ಸ್ಮೃತಿಪಥಂ’ ಯೋಜನೆಯಡಿ ಹಗಲು ಆರೈಕೆ ಕೇಂದ್ರಕ್ಕೆ ಕೈಹಾಕಿತು. ನಮ್ಮಲ್ಲಿ ಇಂಥ ಸೌಲಭ್ಯ ಹೆಚ್ಚಾಗಿ ಬೆಂಗಳೂರಿನಂಥ ನಗರಗಳಲ್ಲಿ, ಅದೂ ದುಡ್ಡಿದ್ದವರಿಗೆ. ಲಾಸಿ–ಡ್ಯಾಡ್ ಅಧ್ಯಯನದಲ್ಲಿ ಕಾಯಿಲೆಯ ಪ್ರಮಾಣ ಹೆಚ್ಚು ಕಂಡದ್ದು ಮಾತ್ರ ಹಳ್ಳಿಗಳಲ್ಲಿ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದ ರಾಜ್ಯಕ್ಕೆ ಈ ತರ್ಕ ಹೊಸದೇನಲ್ಲ. ಹಿರಿಯರು ಕೂಸುಗಳಲ್ಲ, ನಿಜ. ಆದರೆ ಅವರನ್ನು ನೋಡಿಕೊಳ್ಳುವವಳೂ ಕೂಲಿಗೆ ಹೋಗಬೇಕು, ಸಂತೆಗೆ ಹೋಗಬೇಕು, ಮಲಗಬೇಕು. ಹೋಬಳಿಗೊಂದು ಹಗಲು ಆರೈಕೆ ಕೇಂದ್ರ, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಮತ್ತು ಅದಕ್ಕೆ ತಕ್ಕ ಗೌರವಧನ, ಆರೈಕೆಗಾಗಿ ದುಡಿಮೆ ಬಿಟ್ಟವರಿಗೆ ಭತ್ಯೆ– ಇಷ್ಟನ್ನು ಕೇಳುವುದು ದುಬಾರಿ ಬೇಡಿಕೆಯಲ್ಲ. ಸರ್ಕಾರದ ಲೆಕ್ಕಕ್ಕೆ ಬಾರದ ದುಡಿಮೆಯಾಗಿ ಆ ಖರ್ಚನ್ನು ಈಗಾಗಲೇ ಯಾರೋ ಒಬ್ಬಳು ಭರಿಸುತ್ತಿದ್ದಾಳೆ.

ಕೇಂದ್ರಗಳು ಬರುವವರೆಗೆ ನೆಂಟರಿಗೂ ಕೆಲಸವಿದೆ. ಮುಂದಿನ ಸಲ ಹೋದಾಗ ಪ್ರಶ್ನೆ ಕೇಳದೆ ಎದುರು ಕುಳಿತು, ‘ಅತ್ತೆ, ನಾನು ಶಿವಮೊಗ್ಗದ ನಿಮ್ಮಣ್ಣನ ಮಗಳು, ನಿಮ್ಮನ್ನ ನೋಡೋಕೆ ಬಂದೆ’ ಎಂದು ತಾವೇ ಹೇಳಿಕೊಳ್ಳಲಿ. ಸೊಸೆ ಕಾಫಿಗಿಡಲು ಎದ್ದರೆ ಅವಳನ್ನು ತಡೆದು, ‘ಎರಡು ಗಂಟೆ ನಾನಿರ್ತೀನಿ, ನೀನು ಮಲಗು’ ಎನ್ನಲಿ.