ಶಾಲೆಯ ಅರ್ಜಿಯಲ್ಲಿ ತಾಯಿಯ ಕುಲ

ಬೇಸಗೆಯ ರಜೆ ಮುಗಿದು ಶಾಲೆಗಳ ಬಾಗಿಲು ತೆರೆಯುವ ಕಾಲಕ್ಕೆ, ಅಂತರ್ಜಾತೀಯ ವಿವಾಹವಾದ ದಂಪತಿಗಳು ಮಗುವಿನ ಕೈಹಿಡಿದುಕೊಂಡು ಗುಮಾಸ್ತನ ಮೇಜಿನ ಮುಂದೆ ಬಂದು ನಿಲ್ಲುವುದುಂಟು. ಹೆಸರು, ಹುಟ್ಟಿದ ದಿನ, ಮಾತೃಭಾಷೆ ಇವೆಲ್ಲ ಆದ ಮೇಲೆ ಜಾತಿಯ ಕಾಲಮು ಬರುತ್ತದೆ. ಗುಮಾಸ್ತನು ತಲೆಯೆತ್ತದೆಯೇ “ತಂದೆಯದು ಯಾವುದು?” ಎನ್ನುತ್ತಾನೆ. ತಾಯಿ ಪಕ್ಕದಲ್ಲಿಯೇ ನಿಂತಿರುತ್ತಾಳೆ. ಅವಳನ್ನು ಕೇಳಬೇಕೆಂಬುದು ಅವನಿಗೆ ತೋಚುವುದಿಲ್ಲ. ಕೆಲವು ಅರ್ಜಿಗಳಲ್ಲಿ ತಾಯಿಯ ಜಾತಿಗೂ ಒಂದು ಸ್ಥಳವಿದೆ, ದಿಟ. ಆದರೆ ಮಗುವಿನ ಜಾತಿಯೆಂಬ ಸ್ಥಳದಲ್ಲಿ ಹಿಡಿಸುವುದು ಒಂದೇ ಮಾತು. ಆ ಒಂದು ಮಾತು ಬಹುಮಟ್ಟಿಗೆ ತಂದೆಯದೇ ಆಗಿರುತ್ತದೆ.

ಹೀಗೆ ಬರೆದ ಮಾತು ಅಲ್ಲಿಗೇ ನಿಲ್ಲತಕ್ಕದ್ದಲ್ಲ. ದಾಖಲಾತಿಯ ಪುಸ್ತಕದಿಂದ ವರ್ಗಾವಣೆ ಪತ್ರಕ್ಕೆ, ಅಲ್ಲಿಂದ ಮುಂದಿನ ಶಾಲೆಗೆ, ಬಳಿಕ ತಹಶೀಲ್ದಾರರ ಕಚೇರಿಗೆ ಅದು ಮಗುವಿನ ಬೆನ್ನು ಹತ್ತಿ ನಡೆಯುತ್ತದೆ. ಪರಿಶಿಷ್ಟ ಜಾತಿಯ ತಾಯಿಗೂ ಮುಂದುವರಿದ ಜಾತಿಯ ತಂದೆಗೂ ಹುಟ್ಟಿ, ಅಜ್ಜನ ಮನೆಯ ಹೊಸ್ತಿಲು ತುಳಿಯುವ ಭಾಗ್ಯವಿಲ್ಲದೆ ತಾಯಿಯ ಕೇರಿಯಲ್ಲಿಯೇ ಬೆಳೆದ ಹುಡುಗಿಯೊಬ್ಬಳನ್ನು ವಾಚಕರು ನೆನೆಯಲಿ. ಕೇರಿಯಿಂದಾಚೆಗೆ ತಾಯಿಯನ್ನು ಕಂಡಂತೆಯೇ ಜನರು ಅವಳನ್ನೂ ಕಾಣುವರು; ಪುಸ್ತಕದಲ್ಲಿ ಮಾತ್ರ ಅವಳು ತಂದೆಯ ಕುಲದವಳು. ಅವಮಾನವು ತಾಯಿಯ ಪಾಲಿನಿಂದ, ಹೆಸರು ತಂದೆಯ ಪಾಲಿನಿಂದ! ಇದೆಂತಹ ವಿಭಾಗಪತ್ರ?

“ಬೀಜಕ್ಕೇ ಪ್ರಾಧಾನ್ಯ, ಶಾಸ್ತ್ರವು ಹೀಗೆಯೇ ಹೇಳಿದೆ” ಎನ್ನುವ ಪಂಡಿತಂಮನ್ಯರಿದ್ದಾರೆ. ಅವರು ಮನುಸ್ಮೃತಿಯ ಹತ್ತನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡುವುದೊಳ್ಳೆಯದು. ಬ್ರಾಹ್ಮಣನಿಗೆ ವೈಶ್ಯೆಯಲ್ಲಿ ಹುಟ್ಟಿದವನು ಅಲ್ಲಿ ಬ್ರಾಹ್ಮಣನಲ್ಲ, ಅಂಬಷ್ಠನು. ಕ್ಷತ್ರಿಯನಿಗೆ ಬ್ರಾಹ್ಮಣಿಯಲ್ಲಿ ಹುಟ್ಟಿದವನು ಕ್ಷತ್ರಿಯನಲ್ಲ, ಸೂತನು. ಒಂದೇ ಮೆಟ್ಟಿಲು ಕೆಳಗಿನ ಸ್ತ್ರೀಯಲ್ಲಿ ಹುಟ್ಟಿದವನನ್ನು ಕೂಡ ತಂದೆಗೆ ಸದೃಶನೆಂದಿದೆಯೇ ಹೊರತು ತಂದೆಯೇ ಎಂದಿಲ್ಲ. ಸದೃಶನಿಗೂ ಸಮನಿಗೂ ಇರುವ ಭೇದವು ವ್ಯಾಕರಣ ಬಲ್ಲವರಿಗೆ ತಿಳಿಯದ್ದಲ್ಲ. ಆ ಗ್ರಂಥವು ಸಂಕರವನ್ನು ನಿಂದಿಸಿದೆ. ಆ ನಿಂದೆಯನ್ನು ಇಂದು ಯಾರೂ ತಲೆಯ ಮೇಲೆ ಹೊರಬೇಕಾಗಿಲ್ಲ. ಆದರೆ ನಿಂದಿಸಹೊರಟ ಗ್ರಂಥಕ್ಕೂ ತಾಯಿಯಿದ್ದಾಳೆಂಬುದು ಮರೆತಿರಲಿಲ್ಲ. ಇನ್ನು ಛಾಂದೋಗ್ಯವನ್ನು ನೋಡುವುದಾದರೆ, ಹಾರಿದ್ರುಮತ ಗೌತಮನು ಗೋತ್ರವನ್ನು ಕೇಳಿದಾಗ ಸತ್ಯಕಾಮನು ತಾಯಿ ಹೇಳಿಕೊಟ್ಟುದನ್ನೇ ಒಪ್ಪಿಸಿದನು. ತಂದೆಯ ಗೋತ್ರ ತಿಳಿಯದು, ತಾನು ಜಬಾಲೆಯ ಮಗ, ಜಾಬಾಲನು ಎಂದನು. ಗುರುವು ಮರಳಿ ಕಳುಹಿಸಲಿಲ್ಲ, ಸಮಿತ್ತನ್ನು ತರಹೇಳಿದನು. ಆ ಪ್ರವೇಶಕ್ಕೆ ತಾಯಿಯ ಹೆಸರೇ ಸಾಕಾಯಿತು.

ಕಾನೂನಾದರೂ ಗುಮಾಸ್ತನ ಪಕ್ಷದಲ್ಲಿ ಪೂರ್ತಿಯಾಗಿ ನಿಂತಿಲ್ಲ. ಗುಜರಾತಿನಿಂದ ಬಂದ ಮೊಕದ್ದಮೆಯೊಂದರಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು, ಮಗುವಿಗೆ ತಂದೆಯ ಜಾತಿಯೆಂಬುದು ಬರಿಯ ಊಹೆ, ತಾಯಿಯಿಂದ ಬೆಳೆಸಲ್ಪಟ್ಟುದನ್ನೂ ಅವಳ ಜನರ ಕಷ್ಟಾವಮಾನಗಳನ್ನು ಉಂಡುದನ್ನೂ ತೋರಿಸಿದರೆ ಆ ಊಹೆಯು ಬಿದ್ದುಹೋಗುವುದು ಎಂದಿತು. ಒಳ್ಳೆಯದೇ. ಆದರೆ ತಂದೆಯು ಮುಂದುವರಿದ ಜಾತಿಯವನಾದರೆ ಊಹೆಯು ಇನ್ನೂ ಬಲವಾದುದೆಂದೂ ಅದೇ ತೀರ್ಪಿನಲ್ಲಿದೆ. ಹಾಗಾದರೆ ಸಾಬೀತಿನ ಹೊರೆ ಬಿದ್ದುದು ಯಾರ ಮೇಲೆ? ಅದನ್ನು ಹೊರಲು ಎಲ್ಲರಿಗಿಂತ ಅಶಕ್ತಳಾದ ಆ ಹುಡುಗಿಯ ಮೇಲೆ. ಮದುವೆಯಿಂದ ಹೆಂಗಸಿನ ಜಾತಿಯು ಬದಲಾಗದು, ಅದು ಹುಟ್ಟಿನಿಂದ ಬಂದುದೆಂದು 2018ರಲ್ಲಿ ಅದೇ ನ್ಯಾಯಾಲಯವು ಹೇಳಿತು. ಮಂಟಪದಲ್ಲಿ ಅಳಿಯದ ಕುಲವು ಹೆರಿಗೆಯ ಕೋಣೆಯಲ್ಲಿ ಅಳಿಯುವುದು ಹೇಗೆ?

ಇಂಥ ವಿವಾಹಗಳಿಗೆ 2.5 ಲಕ್ಷ ರೂಪಾಯಿ ಕೊಡುವ ಯೋಜನೆಯೊಂದು 2013ರಲ್ಲಿ ಡಾ. ಅಂಬೇಡ್ಕರ್ ಪ್ರತಿಷ್ಠಾನದ ಮೂಲಕ ಆರಂಭವಾಯಿತು. ಮದುವೆಗೆ ಉಡುಗೊರೆ, ಮಗುವಿಗೆ ಅಲೆದಾಟ!

ಜಾತಿಯೆಂಬುದೇ ಬೇಡ, ಕಾಲಮನ್ನು ಖಾಲಿ ಬಿಡೋಣವೆನ್ನುವ ಉದಾರರೂ ಉಂಟು. ತಮಿಳುನಾಡಿನಲ್ಲಿ 1973ರಷ್ಟು ಹಿಂದೆಯೇ ಇದಕ್ಕೆ ಸರ್ಕಾರದ ಅನುಮತಿ ದೊರೆಯಿತು. ಎರಡೂ ಕಡೆಯಲ್ಲಿ ಉಂಡುಟ್ಟು ಸುಖವಾಗಿರುವ ಮನೆಯವರು ಹಾಗೆ ಮಾಡುವುದು ಶೋಭೆಯೇ ಸರಿ; ಅವರ ಮಗು ಕಳೆದುಕೊಳ್ಳುವುದೇನೂ ಇಲ್ಲ. ಆದರೆ ಆ ಕೇರಿಯ ಹುಡುಗಿಯ ಕಾಲಮನ್ನು ಖಾಲಿ ಬಿಡುವುದು ಅವಳಿಗೆ ಸಲ್ಲಬೇಕಾದುದನ್ನು ತಂದೆತಾಯಿಗಳು ತಮ್ಮ ಆದರ್ಶಕ್ಕೆ ದಕ್ಷಿಣೆಯಾಗಿ ತೆತ್ತಂತೆ. ಪರರ ಗಂಟಿನಿಂದ ಮಾಡಿದ ದಾನಕ್ಕೆ ಪುಣ್ಯವುಂಟೆ?

ಮೋಸದ ಭಯವೊಂದು ಉಳಿಯಿತು. ತಾಯಿಯ ಜಾತಿಯನ್ನು ಒಪ್ಪಿದರೆ ಉಳ್ಳವರ ಮಕ್ಕಳೆಲ್ಲ ಆ ಬಾಗಿಲಿನಿಂದ ನುಗ್ಗುವರೆನ್ನುತ್ತಾರೆ. ಮಗುವು ಎಲ್ಲಿ ಬೆಳೆಯಿತು, ಯಾರು ತಮ್ಮವಳೆಂದರು, ಯಾರು ದೂರವಿಟ್ಟರು ಎಂಬ ಪರೀಕ್ಷೆಯನ್ನು ನ್ಯಾಯಾಲಯವೇ ತೋರಿಸಿಕೊಟ್ಟಿದೆಯಷ್ಟೆ. ಆ ಪರೀಕ್ಷೆಯು ಇರಲಿ. ಆದರೆ ತಂದೆಯ ಕಡೆಗೊಂದು ತಕ್ಕಡಿ, ತಾಯಿಯ ಕಡೆಗೊಂದು ತಕ್ಕಡಿ ಬೇಡ. ತಂದೆಯ ಪರವಾದ ಊಹೆಯನ್ನು ಶಾಸನದಿಂದ ತೆಗೆದುಹಾಕಿ, ಇಬ್ಬರನ್ನೂ ಕೇಳಿದ ಬಳಿಕವೇ ಮಗುವಿನ ಜಾತಿಯನ್ನು ಬರೆಯತಕ್ಕದ್ದೆಂದು ಸರ್ಕಾರವು ಶಾಲೆಗಳಿಗೆ ಆಜ್ಞಾಪಿಸಲಿ. ಅಲ್ಲಿಯವರೆಗೆ ಇಂಥ ತಾಯಂದಿರು ಮಗುವನ್ನು ಸೇರಿಸಲು ಹೋಗುವಾಗ ತಮ್ಮ ಜಾತಿಯ ಪ್ರಮಾಣಪತ್ರವನ್ನೂ ಕೊಂಡೊಯ್ದು, ಗುಮಾಸ್ತನು ಕೇಳದಿದ್ದರೂ ಅವನ ಮೇಜಿನ ಮೇಲಿಡಲಿ.