ಉಣ್ಣುವುದಕ್ಕೂ ತಾಲೀಮು ಬೇಕು

2027ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಕ್ಯಾಥೊಲಿಕರ ವಿಶ್ವ ಯುವಜನ ದಿನ. ಅದಕ್ಕೂ ಮೊದಲು, ಬೇರೆ ಬೇರೆ ದೇಶಗಳಿಂದ ಬಂದ ಯುವಜನರು ಆ ನಾಡಿನ ಊರುಗಳಲ್ಲಿ ಕೆಲವು ದಿನ ಇರುವುದು ರೂಢಿ. ಅನೇಕರು ಮನೆಗಳಲ್ಲೇ ಉಳಿಯುತ್ತಾರೆ. ಮುಂಬಯಿ, ಪುಣೆಯ ಚರ್ಚುಗಳಿಂದ ಹೊರಡುವ ನಮ್ಮ ಮಕ್ಕಳಿಗೆ ಹಾಡು, ಕುಣಿತ, ಸಾಕ್ಷ್ಯ ಹೇಳುವುದು ಎಲ್ಲದರ ತಾಲೀಮೂ ಆಗುತ್ತದೆ. ಇವೆಲ್ಲ ಕೊಡುವ ತಾಲೀಮು. ಪಡೆಯುವುದನ್ನು ಕಲಿಸುವವರು ಯಾರು?

ಶಿಷ್ಯರನ್ನು ಊರೂರಿಗೆ ಕಳುಹಿಸುವಾಗ ಯೇಸು ಹೇಳಿದ್ದು ಇದನ್ನೇ. ಜೋಳಿಗೆ ಒಯ್ಯಬಾರದು, ಮನೆಯಿಂದ ಮನೆಗೆ ಹೋಗಬಾರದು, ಬಡಿಸಿದ್ದನ್ನು ಉಣ್ಣಬೇಕು ಎಂಬ ಆ ಸೂಚನೆಗಳು ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿವೆ. ಸಾರಲು ಹೋದವನು ಮೊದಲು ಆ ಊರಿನ ಅನ್ನದ ಋಣಕ್ಕೆ ಬೀಳಬೇಕು ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ಕೊರಿಯಾದ ಮನೆಯಲ್ಲೂ ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಅದು ನಮಗೆ ಹೊಸದಲ್ಲ. ಹಿರಿಯರು ಊಟ ಶುರುಮಾಡುವ ತನಕ ಕಾಯುವುದನ್ನು, ಅವರು ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುವುದನ್ನು ರೂಢಿಸಿಕೊಳ್ಳಬೇಕು. ಮಾಂಸ ತಿನ್ನದವರು, ಸಿಗಡಿ ಒಗ್ಗದವರು ಹೊರಡುವ ಮೊದಲೇ ತಿಳಿಸಲಿ. ಕಿಮ್ಚಿಯಲ್ಲೂ ಸಿಗಡಿ ಇರುವುದುಂಟು. ಬಡಿಸಿದ ಮೇಲೆ ಮುಖ ಸಿಂಡರಿಸಿದರೆ ಅಡುಗೆ ಮಾಡಿದವರು ನೊಂದುಕೊಳ್ಳುತ್ತಾರೆ.

ಒಂದು ಕುಣಿತಕ್ಕೆ ವಾರಗಟ್ಟಲೆ ತಾಲೀಮು ಮಾಡಿಸುವ ಚರ್ಚುಗಳು ಪರರ ಮನೆಯ ಊಟಕ್ಕೆ ಒಂದು ಭಾನುವಾರವನ್ನಾದರೂ ಮೀಸಲಿಡಲಿ.