ಹಜಾರೆ ಒಬ್ಬರೇ ಹೊತ್ತ ಇನಿಂಗ್ಸ್
ಕ್ರಿಕೆಟಿಗ ವಿಜಯ್ ಹಜಾರೆ 1915ರಲ್ಲಿ ಹುಟ್ಟಿದ್ದು ಸಾಂಗಲಿಯಲ್ಲಿ. 1943ರ ಡಿಸೆಂಬರ್‌ನಲ್ಲಿ ಮುಂಬೈಯ ಬ್ರೆಬೋರ್ನ್ ಮೈದಾನದಲ್ಲಿ ನಡೆದ, ಸಮುದಾಯವಾರು ತಂಡಗಳ ಪೆಂಟ್ಯಾಂಗ್ಯುಲರ್ ಟೂರ್ನಿಯ ಫೈನಲ್‌ನ ಎರಡನೇ ಇನಿಂಗ್ಸ್‌ನಲ್ಲಿ ಅವರ ‘ದಿ ರೆಸ್ಟ್’ ತಂಡ ಗಳಿಸಿದ್ದು 387 ರನ್, ಅದರಲ್ಲಿ 309 ಹಜಾರೆ ಒಬ್ಬರದೇ. ಸಹೋದರ ವಿವೇಕ್ ಜೊತೆಗಿನ 300 ರನ್ ಜೊತೆಯಾಟದಲ್ಲಿ ವಿವೇಕ್ ಪಾಲು ಬರೀ 21. ಮೊದಲ ಇನಿಂಗ್ಸ್‌ನ 133ರಲ್ಲೂ 59 ಹಜಾರೆಯವರದೇ. ಎದುರಾಳಿ ಹಿಂದೂ ತಂಡ 581 ಪೇರಿಸಿದ್ದರಿಂದ ತ್ರಿಶತಕವೂ ಇನಿಂಗ್ಸ್ ಸೋಲು ತಪ್ಪಿಸಲಿಲ್ಲ. ಒಬ್ಬರ ರನ್ನುಗಳಷ್ಟೇ ಸಾಲವು ಎಂಬ ಮಾತು ಮುಂದೆಯೂ ನಿಜವಾಯಿತು: 2016ರ ಐಪಿಎಲ್‌ನಲ್ಲಿ ಕೊಹ್ಲಿ 973 ರನ್ ಹೊಡೆದರೂ ಆರ್‌ಸಿಬಿ ಫೈನಲ್ ಸೋತಿತು. ಆದರೆ 2025ರ ಫೈನಲ್‌ನಲ್ಲಿ ಆರ್‌ಸಿಬಿಯ ಯಾರೊಬ್ಬರೂ ಅರ್ಧಶತಕ ಮುಟ್ಟದೆ, ಹಲವರು ಇಪ್ಪತ್ತು ಇಪ್ಪತ್ತೈದು ಸೇರಿಸಿ 190 ಮಾಡಿದರು, ಕಪ್ ಬಂತು. ತಂಡ ಕಟ್ಟುವವರು ತಾರೆಯ ಸಂಭಾವನೆಗಿಂತ ಮೊದಲು ಐದು, ಆರು, ಏಳನೇ ಕ್ರಮಾಂಕದ ಬ್ಯಾಟರ್‌ಗಳನ್ನು ಗಟ್ಟಿ ಮಾಡಿಕೊಳ್ಳಲಿ.